ಕಾನ್‌ಸ್ಟಂಟೈನ್ ಬರೋಕ್ಕಿಂತ ಮುಂಚೆನೇ ಕ್ರೈಸ್ತ ಧರ್ಮ ಅಷ್ಟು ದೂರ ಹರಡಿದ್ದು ಹೇಗೆ?

ಬಯಲುಸೀಮೆ:
ತುಂಬಾ ದಿನದಿಂದ ತಲೇಲಿ ಓಡ್ತಿರೋ ಪ್ರಶ್ನೆ, ಇಲ್ಲಿ ರೋಮ್ ಇತಿಹಾಸ ಓದ್ಕೊಂಡೋರು ಇದ್ದೀರಿ ಅಂತ ಕೇಳ್ತಿದೀನಿ. ಹೈಸ್ಕೂಲಲ್ಲಿ ನಮಗೆ ಹೇಳ್ಕೊಟ್ಟಿದ್ದು ಎರಡೇ ಸಾಲು, ಏಸುವನ್ನ ಶಿಲುಬೆಗೆ ಹಾಕಿದ್ರು, ಆಮೇಲೆ ಕಾನ್‌ಸ್ಟಂಟೈನ್ ಚಕ್ರವರ್ತಿ ಆ ಕಡೆ ಸೇರ್ಕೊಂಡ, ಅಲ್ಲಿಗೆ ಪಾಠ ಮುಗೀತು. ಆದ್ರೆ ಇವೆರಡರ ಮಧ್ಯ ಹತ್ರ ಹತ್ರ 280 ವರ್ಷ ಇದೆ! ಅಷ್ಟು ದಿನ ಇವರ ಹತ್ರ ಸೈನ್ಯ ಇಲ್ಲ, ರಾಜಾಶ್ರಯ ಇಲ್ಲ, ಹೇಳ್ಕೊಳ್ಳೋಕೆ ಒಂದು ಗುಡಿ ಕೂಡ ಇಲ್ಲ, ಮೇಲಿಂದ ಸರ್ಕಾರ ಆಗಾಗ ಹಿಡಿದು ಸಾಯಿಸ್ತಾ ಇತ್ತು, ಆದ್ರೂ ಸ್ಪೇನ್‌ನಿಂದ ಯೂಫ್ರಟಿಸ್ ನದಿವರೆಗೂ ಜನ ಸಿಗ್ತಾರೆ ಅಂದ್ರೆ ಹೆಂಗೆ? ಭಕ್ತಿಯ ಉತ್ತರ ಬೇಡ, ಬೈಗುಳಾನೂ ಬೇಡ, ಸಾಕ್ಷಿ ಏನಿದೆ ಅಂತ ಹೇಳಿ ಸಾಕು.

ವಾದಕ್ಕೆ ಬಂದವ:
ಸಿಂಪಲ್. ಹರಡಿರಲಿಲ್ಲ. ಕಾನ್‌ಸ್ಟಂಟೈನ್ ಬರೋ ತನಕ ಅಲ್ಲೊಂದು ಇಲ್ಲೊಂದು ಗುಂಪು ಅಷ್ಟೇ. ರಾಜ ಯಾವ ಕಡೆ ಹೋದ್ನೋ ಪ್ರಜೆಗಳೂ ಆ ಕಡೆ. ಉಳಿದಿದ್ದೆಲ್ಲ ಆಮೇಲೆ ಚರ್ಚಿನೋರು ಕಟ್ಟಿದ ಕಥೆ.

ಹಳೇಕಾಗದ:
@ವಾದಕ್ಕೆ ಬಂದವ, ಚರ್ಚಿನೋರ ಕಥೆ ಪಕ್ಕಕ್ಕಿಡಿ, ಅವರನ್ನ ಕಂಡ್ರೆ ಆಗದೇ ಇದ್ದೋನ ಕಾಗದ ನೋಡೋಣ. ಸುಮಾರು 112ನೇ ಇಸವಿ, ಈಗಿನ ಟರ್ಕಿಯ ಉತ್ತರಕ್ಕೆ ಕಪ್ಪು ಸಮುದ್ರದ ದಂಡೇಲಿ ಬಿಥಿನಿಯಾ-ಪಾಂಟಸ್ ಅನ್ನೋ ಪ್ರಾಂತ್ಯ, ಅಲ್ಲಿನ ಗವರ್ನರ್ ಪ್ಲಿನಿ. ಅವನು ಚಕ್ರವರ್ತಿ ಟ್ರಾಜನ್‌ಗೆ ಬರೀತಾನೆ, ಸ್ವಾಮಿ ಈ ಕ್ರೈಸ್ತರನ್ನ ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲ, ಹಿಂದೆ ಇಂಥ ವಿಚಾರಣೇಲಿ ನಾನು ಇದ್ದೋನಲ್ಲ, ನೀನು ಕ್ರೈಸ್ತನಾ ಅಂತ ಮೂರು ಸಲ ಕೇಳ್ತೀನಿ, ಹೌದು ಅಂತ ಹಟ ಹಿಡಿದೋರನ್ನ ಸಾಯಿಸೋಕೆ ಕಳಿಸ್ತೀನಿ, ರೋಮನ್ ಪೌರರಾಗಿದ್ರೆ ರೋಮ್‌ಗೆ ಕಳಿಸ್ತೀನಿ ಅಂತ. ಆಮೇಲೆ ಯಾರೋ ಹೆಸರಿಲ್ಲದ ಮೂಕರ್ಜಿ ಹಾಕಿದಾರೆ, ಅದ್ರಲ್ಲಿ ಹೆಸರುಗಳ ಪಟ್ಟಿ. ಕರೆಸಿ ಕೇಳಿದ್ರೆ ಕೆಲವರು ಅಯ್ಯೋ ನಾನು ಬಿಟ್ಟು 20 ವರ್ಷ ಆಯ್ತು ಅಂತಾರಂತೆ. ಅಂದ್ರೆ 90ರ ದಶಕದಲ್ಲೇ ಜೆರುಸಲೇಮ್‌ನಿಂದ ಅಷ್ಟು ದೂರದಲ್ಲಿ ಸೇರಿ, ಬೇಜಾರಾಗಿ, ಬಿಟ್ಟು ಹೋಗೋರೂ ಇದ್ರು!

ಏನ್ ಮಾಡ್ತಿದ್ರಿ ಅಂದ್ರೆ, ಗೊತ್ತಾದ ಒಂದು ದಿನ ಬೆಳಕು ಹರಿಯೋ ಮುಂಚೆ ಸೇರ್ತಿದ್ವಿ, ಕ್ರಿಸ್ತನನ್ನ ದೇವರ ಹಾಗೆ ಹಾಡಿ ಹೊಗಳ್ತಿದ್ವಿ, ಕಳ್ಳತನ ಮಾಡಲ್ಲ ವ್ಯಭಿಚಾರ ಮಾಡಲ್ಲ ಇಟ್ಟ ನಂಬಿಕೆಗೆ ದ್ರೋಹ ಮಾಡಲ್ಲ ಅಂತ ಆಣೆ ಮಾಡ್ತಿದ್ವಿ, ಮತ್ತೆ ಸೇರಿ ಊಟ ಮಾಡ್ತಿದ್ವಿ, ಅದೂ ಮಾಮೂಲಿ ಊಟ. ಇಷ್ಟೇನಾ ಅಂತ ನಂಬಿಕೆ ಬರದೆ ಪ್ಲಿನಿ ಇಬ್ಬರು ದಾಸಿಯರನ್ನ ಹಿಡಿದು ಚಿತ್ರಹಿಂಸೆ ಕೊಡ್ತಾನೆ. ಆ ಗುಂಪಲ್ಲಿ ಇವರೇ ಸೇವಕಿಯರು, ಅಂದ್ರೆ ಒಂದು ಜವಾಬ್ದಾರಿ ಇದ್ದೋರು. ಕೊನೆಗೆ ಸಿಕ್ಕಿದ್ದು ಬರೀ ಮಿತಿಮೀರಿದ ಮೂಢನಂಬಿಕೆ ಅಂತ ಬರ್ಕೊಂಡಿದಾನೆ. ಪಟ್ಟಣ ಅಷ್ಟೇ ಅಲ್ಲ ಹಳ್ಳಿ, ಹೊಲಮನೆ ತನಕ ಈ ಅಂಟುರೋಗ ಹೋಗಿದೆ, ದೇವಸ್ಥಾನಗಳು ಹೆಚ್ಚುಕಮ್ಮಿ ಖಾಲಿ ಹೊಡೀತಿದ್ವು, ಬಲಿ ಮಾಂಸ ಕೊಳ್ಳೋರೇ ಇರಲಿಲ್ಲ, ಈಗ ಪರವಾಗಿಲ್ಲ, ಮತ್ತೆ ಮಾರಾಟ ಆಗ್ತಿದೆ ಅಂತಾನೂ ಸೇರಿಸ್ತಾನೆ. ನಂಗೆ ಅನ್ಸೋದು ಆ ಮೂಕರ್ಜಿ ಹಾಕ್ದೋನು ಮಾಂಸದ ವ್ಯಾಪಾರಿನೇ ಇರ್ಬೇಕು, ಸಾಕ್ಷಿ ಏನಿಲ್ಲ ಬಿಡಿ.

ಟ್ರಾಜನ್ ಉತ್ತರ ಎರಡು ಮಾತು. ಹುಡುಕ್ಕೊಂಡು ಹೋಗ್ಬೇಡ, ಸಿಕ್ಕಿಬಿದ್ದು ಸಾಬೀತಾದ್ರೆ ಶಿಕ್ಷೆ ಕೊಡು, ಮೂಕರ್ಜಿ ಮಾತ್ರ ಮುಟ್ಬೇಡ, ಅದು ನಮ್ಮ ಕಾಲಕ್ಕೆ ಶೋಭೆ ಅಲ್ಲ.

ವಾದಕ್ಕೆ ಬಂದವ:
ದೇವಸ್ಥಾನ ಖಾಲಿ ಅನ್ನೋದು ಅಧಿಕಾರಿ ಭಾಷೆ ಸಾರ್. ಸಮಸ್ಯೆ ದೊಡ್ಡದಿತ್ತು ನಾನು ಸರಿ ಮಾಡ್ದೆ ಅಂತ ಮೇಲಿನೋರಿಗೆ ತೋರಿಸ್ಕೊಳ್ಳೋದು. ಎಲ್ಲ ಕಾಲದಲ್ಲೂ ಇದೇ ರಿಪೋರ್ಟು.

ಹಳೇಕಾಗದ:
ಅದು ಒಪ್ಪೋ ಮಾತೇ. ಆದ್ರೆ ಇಲ್ದೇ ಇರೋ ಜನರನ್ನ ಏನ್ ಮಾಡ್ಲಿ ಅಂತ ಚಕ್ರವರ್ತಿಗೆ ಪತ್ರ ಬರೆಯಲ್ಲ ಯಾರೂ.

ಲೆಕ್ಕದ ಮೇಷ್ಟ್ರು:
ಸಂಖ್ಯೆ ಬಗ್ಗೆ ಒಂದು ಮಾತು. ಒಬ್ಬ ಅಮೆರಿಕನ್ ಸಮಾಜಶಾಸ್ತ್ರಜ್ಞರು ಮಾಡಿದ ಲೆಕ್ಕ ಇದೆ, 40ನೇ ಇಸವಿಗೆ ಒಂದು ಸಾವಿರ ಜನ ಇದ್ರು ಅಂತ ಇಟ್ಕೊಳ್ಳಿ, ಹತ್ತು ವರ್ಷಕ್ಕೆ ಶೇ 40ರಂತೆ ಬೆಳೀತಾ ಹೋದ್ರೆ 300ನೇ ಇಸವಿಗೆ 60 ಲಕ್ಷ ದಾಟುತ್ತೆ. ಆಗಿನ ಸಾಮ್ರಾಜ್ಯದ ಒಟ್ಟು ಜನ 6 ಕೋಟಿ ಅಂದ್ರೆ ಹತ್ತರಲ್ಲಿ ಒಬ್ಬ. ಶೇ 40 ಅಂದ ತಕ್ಷಣ ಏನೋ ಸುನಾಮಿ ಅನ್ಸುತ್ತೆ, ವರ್ಷಕ್ಕೆ ಹಾಕಿ ನೋಡಿ, ಶೇ ಮೂರುವರೆ ಕೂಡ ಆಗಲ್ಲ. ನೂರು ಜನರ ಗುಂಪಿಗೆ ವರ್ಷಕ್ಕೆ ಮೂರ್ನಾಲ್ಕು ಜನ ಸೇರಿದ್ರೆ ಸಾಕು. ಪವಾಡಾನೂ ಬೇಡ, ಸಾವಿರಾರು ಜನ ಒಂದೇ ದಿನ ದೀಕ್ಷೆ ತಗೊಳ್ಳೋ ಸಭೇನೂ ಬೇಡ. ಇದು ಊಹೆಯ ಲೆಕ್ಕ, ಶುರುವಿನ ಸಾವಿರ ಅನ್ನೋದೇ ಅಂದಾಜು, ಆದ್ರೆ ನಿಧಾನಕ್ಕೂ ಅಷ್ಟು ದೂರ ಹೋಗಬಹುದು ಅಂತ ತೋರಿಸೋಕೆ ಸಾಕು.

ಕರಾವಳಿ ಹುಡ್ಗಿ:
ನಾನು ಮಂಗಳೂರು ಕ್ಯಾಥೊಲಿಕ್ ಮನೇಲಿ ಬೆಳೆದೋಳು, ಕ್ಯಾಟೆಕಿಸಂ (ಧರ್ಮಪಾಠ) ಕ್ಲಾಸಲ್ಲಿ ಎಲ್ಲ ಸಂತ ಪೌಲರ ಮೇಲೇ. ಧರ್ಮ ಸಾರೋಕೆ ಅವರು ಮಾಡಿದ ಮೂರು ಪ್ರಯಾಣ, ಮ್ಯಾಪ್‌ನಲ್ಲಿ ಕೆಂಪು ನೀಲಿ ಹಸಿರು ಗೆರೆ. ಪೌಲರೇ ಎಲ್ಲ ಮಾಡಿದ್ದು ಅನ್ನೋದು ಎಷ್ಟು ನಿಜ?

ಹಳೇಕಾಗದ:
ಪೌಲ ದೊಡ್ಡೋನೇ, ಕ್ರೈಸ್ತರ ಬರಹದಲ್ಲಿ ಉಳಿದಿರೋ ಅತಿ ಹಳೇದು ಅವನ ಪತ್ರಗಳೇ, ಥೆಸಲೊನಿಕದೋರಿಗೆ ಬರೆದ ಮೊದಲ್ನೇದು ಸುಮಾರು 50ನೇ ಇಸವಿದು. ಗ್ರೀಸ್‌ನ ಡೆಲ್ಫಿಯಲ್ಲಿ ಸಿಕ್ಕ ಕಲ್ಬರಹದಿಂದ ಗಾಲಿಯೋ ಅನ್ನೋ ಅಧಿಕಾರಿ 51-52ರ ಹೊತ್ತಿಗೆ ಕೊರಿಂಥ್‌ನಲ್ಲಿ ಇದ್ದ ಅಂತ ಗೊತ್ತಾಗುತ್ತೆ, ಪೌಲನನ್ನ ಇವನ ಮುಂದೆ ನಿಲ್ಲಿಸಿದ್ರು, ಹಂಗಾಗಿ ಪೌಲನ ಕಾಲ ಗಟ್ಟಿ. ಆದ್ರೆ ಅವನು ರೋಮ್‌ಗೆ ಪತ್ರ ಬರೆಯೋ ಹೊತ್ತಿಗೆ ರೋಮ್‌ನಲ್ಲಿ ಆಗ್ಲೇ ಕ್ರೈಸ್ತರಿದ್ರು, ಇವನಿನ್ನೂ ಕಾಲಿಟ್ಟೇ ಇರ್ಲಿಲ್ಲ. ಅಲ್ಲಿಗೆ ಯಾರು ಒಯ್ದ್ರು? ಹೆಸರು ಯಾರಿಗೂ ಗೊತ್ತಿಲ್ಲ. ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ, ಉತ್ತರ ಆಫ್ರಿಕಾದ ಕಾರ್ಥೇಜ್, ಎಲ್ಲ ಇದೇ ಕಥೆ.

ರೋಮ್‌ಗೆ ಬರೆದ ಆ ಪತ್ರದ ಕೊನೇ ಅಧ್ಯಾಯ ಸಾಮಾನ್ಯವಾಗಿ ಜನ ಓದದೆ ಹಾರಿಸ್ತಾರೆ, ಬರೀ ನಮಸ್ಕಾರ ಹೇಳಿ ಅನ್ನೋ ಹೆಸರಿನ ಪಟ್ಟಿ. ನಂಗೆ ಅದೇ ಇಷ್ಟ. ಅಲ್ಲಿ ಕೊರಿಂಥ್ ಪಕ್ಕದ ಕೆಂಕ್ರೆಯ ಬಂದರಿನ ಫೀಬೆ ಬರ್ತಾಳೆ, ನನಗೂ ಸೇರಿ ಎಷ್ಟೋ ಜನಕ್ಕೆ ಆಸರೆಯಾದೋಳು ಅಂತಾನೆ. ಆಮೇಲೆ ಪ್ರಿಸ್ಕ, ಅಕ್ವಿಲ ಗಂಡ ಹೆಂಡ್ತಿ. ಕಸುಬು ಡೇರೆ ಹೊಲಿಯೋದು, ಪೌಲನದ್ದೂ ಅದೇ ಕಸುಬು. ಅಕ್ವಿಲ ಹುಟ್ಟಿದ್ದು ಪಾಂಟಸ್‌ನಲ್ಲಿ (ಹೌದು, ಪ್ಲಿನಿ ತಲೆ ಚಚ್ಕೊಂಡ ಅದೇ ಸೀಮೆ), ರೋಮ್‌ನಲ್ಲಿ ಇದ್ದ, ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನ ಓಡಿಸಿದಾಗ ಕೊರಿಂಥ್‌ಗೆ ಬಂದ, ಅಲ್ಲಿಂದ ಎಫೆಸಸ್, ಆಮೇಲೆ ತಿರುಗಿ ರೋಮ್. ಹೋದ ಕಡೆ ಅಂಗಡಿ ಇಟ್ರು, ಮನೇಲೇ ಸಭೆ ಸೇರಿಸಿದ್ರು. ನಿಮ್ಮ ಮ್ಯಾಪ್‌ನ ಕೆಂಪು ಗೆರೆ ಇಂಥ ಮನೆಗಳು ಇದ್ದಿದ್ದಕ್ಕೇ ಸಾಧ್ಯ ಆಗಿದ್ದು. ಪೌಲ ಊರಿಗೆ ಬಂದ್ರೆ ಮಲಗೋಕೆ ಜಾಗ, ಕೆಲಸ, ನಾಲ್ಕು ಜನ ಪರಿಚಯ, ಎಲ್ಲ ಇವರಿಂದ.

ಇನ್ನೊಂದು, ಪೂರ್ವ ಮೆಡಿಟರೇನಿಯನ್‌ನ ದೊಡ್ಡ ಪಟ್ಟಣಗಳಲ್ಲೆಲ್ಲ ಯೆಹೂದ್ಯರ ಸಿನಗಾಗ್ (ಪ್ರಾರ್ಥನಾ ಮಂದಿರ) ಇತ್ತು, ಸುತ್ತಮುತ್ತ ಯೆಹೂದ್ಯರಲ್ಲದಿದ್ರೂ ಅವರ ದೇವರ ಮೇಲೆ ಭಕ್ತಿ ಇಟ್ಟು ಬಂದು ಹೋಗ್ತಿದ್ದ ಜನ ಇದ್ರು, ಟರ್ಕಿಯ ಅಫ್ರೊಡಿಸಿಯಾಸ್‌ನ ಒಂದು ಕಲ್ಲಿನ ಮೇಲೆ ಇಂಥೋರ ಹೆಸರಿನ ಪಟ್ಟಿನೇ ಇದೆ. ಮೊದಮೊದಲು ಕಿವಿಗೊಟ್ಟೋರಲ್ಲಿ ಇವರೇ ಜಾಸ್ತಿ ಅಂತ ಕಾಣುತ್ತೆ. ಯೆಹೂದ್ಯರಾಗೋಕೆ ಬೇಕಿದ್ದ ಸುನ್ನತಿ ಬೇಡ, ಆದ್ರೂ ನೀನು ನಮ್ಮೋನೇ ಅಂದ್ರೆ ಯಾರು ಬೇಡ ಅಂತಾರೆ.

ಬಯಲುಸೀಮೆ:
ಸುನ್ನತಿ ವಿಷಯಕ್ಕೆ ಅವರವರಲ್ಲೇ ಜಗಳ ಆಗಿತ್ತಲ್ವಾ?

ಹಳೇಕಾಗದ:
ಜೋರು ಜಗಳ. ಏಸು ಗಲಿಲಾಯದ ಯೆಹೂದ್ಯ, ಶಿಷ್ಯರೂ ಯೆಹೂದ್ಯರು, ಜೆರುಸಲೇಮ್ ಗುಂಪಿಗೆ ಏಸುವಿನ ತಮ್ಮ ಯಾಕೋಬನೇ ಮುಖ್ಯಸ್ಥ. ಸಿರಿಯಾದ ಅಂತಿಯೋಕ್ಯದಲ್ಲಿ ಯೆಹೂದ್ಯರು, ಸುನ್ನತಿ ಆಗದ ಬೇರೆಯೋರು ಒಟ್ಟಿಗೆ ಕೂತು ಊಟ ಮಾಡ್ತಿದ್ರು, ಯಾಕೋಬನ ಕಡೆಯೋರು ಬಂದಿದ್ದೇ ತಡ ಏಸುವಿನ ಶಿಷ್ಯ ಪೇತ್ರ ಮೆಲ್ಲಗೆ ಎದ್ದು ಬೇರೆ ಕೂತ. ಪೌಲ ಎಲ್ಲರ ಮುಂದೇನೇ ಅವನಿಗೆ ಬೈದೆ ಅಂತ ಗಲಾತ್ಯದೋರಿಗೆ ಬರೆದಿದಾನೆ. ಶುದ್ಧ ಪಂಕ್ತಿಭೇದದ ಗಲಾಟೆ, ನಮ್ಮೋರಿಗೆ ವಿವರಿಸೋದೇ ಬೇಡ. ಕೊರಿಂಥ್‌ನಲ್ಲಿ ಇನ್ನೊಂದು ಥರ, ದುಡ್ಡಿದ್ದೋರು ಮೊದಲೇ ಬಂದು ತಿಂದು ಕುಡಿದು ಮುಗಿಸ್ತಿದ್ರು, ಕೂಲಿಯೋರು ಬರೋ ಹೊತ್ತಿಗೆ ಪಾತ್ರೆ ಖಾಲಿ. 70ರಲ್ಲಿ ರೋಮನ್ನರು ಜೆರುಸಲೇಮ್ ದೇವಾಲಯ ಸುಟ್ಟ ಮೇಲೆ ಯಾಕೋಬನ ಕಡೆಯೋರ ಬಲ ಕುಗ್ತು, ಯಾಕೋಬನನ್ನ 62ರಲ್ಲೇ ಕೊಂದಿದ್ರು.

ವಾದಕ್ಕೆ ಬಂದವ:
ಸರಿ, ಇವೆಲ್ಲ ಒಂದನೇ ಶತಮಾನ. ಮನೇಲಿ ಕೂತು ಊಟ ಮಾಡೋ ಗುಂಪು ಆಗಿನ ಕಾಲದಲ್ಲಿ ಬೇಕಾದಷ್ಟಿತ್ತು. ಶವಸಂಸ್ಕಾರಕ್ಕೆ ಚೀಟಿ ಹಾಕೋ ಸಂಘಗಳು, ಮಿತ್ರ (ಮಿತ್ರಾಸ್) ಅನ್ನೋ ದೇವರ ಪೂಜೆ ಗುಂಪು, ಈಜಿಪ್ಟ್ ದೇವತೆ ಐಸಿಸ್‌ನ ಭಕ್ತರು. ಇವರೇ ಯಾಕೆ ಬೆಳೆದ್ರು? ಅದಕ್ಕೆ ಉತ್ತರ ಬರ್ಲಿಲ್ಲ.

ಹಳೇಕಾಗದ:
ಒಳ್ಳೇ ಪ್ರಶ್ನೆ, ಬೇಕಂತ್ಲೇ ದಾಖಲೆಯಿಂದ್ಲೇ ಹೋಗ್ತೀನಿ. 251ರಲ್ಲಿ ರೋಮ್‌ನ ಬಿಷಪ್ ಕೊರ್ನೇಲಿಯಸ್ ಒಂದು ಪತ್ರದಲ್ಲಿ ತನ್ನ ಸಭೆಯ ಲೆಕ್ಕ ಕೊಡ್ತಾನೆ, 46 ಪಾದ್ರಿಗಳು, 7 ಡೀಕನ್ (ಪಾದ್ರಿಗಳ ಕೆಳಗಿನ ಸೇವಕರು), 7 ಉಪಡೀಕನ್, 42 ಸಹಾಯಕರು, ದೆವ್ವ ಬಿಡಿಸೋರು ಓದೋರು ಬಾಗಿಲು ಕಾಯೋರು ಸೇರಿ 52, ಇಷ್ಟಲ್ಲದೆ ಸಭೆಯ ದುಡ್ಡಲ್ಲಿ ಊಟ ಬಟ್ಟೆ ಪಡೆಯೋ ವಿಧವೆಯರು, ಕಷ್ಟದಲ್ಲಿರೋರು 1500ಕ್ಕೂ ಜಾಸ್ತಿ. ವಾರ ವಾರ ಒಂದೂವರೆ ಸಾವಿರ ಜನರ ಹೊಟ್ಟೆ ನೋಡ್ಕೊಳ್ಳೋ ಸಂಘ ರೋಮ್‌ನಲ್ಲಿ ಇನ್ನೊಂದು ತೋರ್ಸಿ. ರೋಮ್ ಸರ್ಕಾರದ ಉಚಿತ ಧಾನ್ಯ ಹೋಗ್ತಿದ್ದಿದ್ದು ಪೌರ ಗಂಡಸರಿಗೆ, ದಿಕ್ಕಿಲ್ಲದ ಮುದುಕಿಗಲ್ಲ.

ಇನ್ನೊಂದು ದಾಖಲೆ ಇದಕ್ಕಿಂತ ಚೆನ್ನಾಗಿದೆ. 303ರ ಮೇ 19, ಈಗಿನ ಅಲ್ಜೀರಿಯಾದ ಸಿರ್ತ ಪಟ್ಟಣ. ಡಯೋಕ್ಲೇಶಿಯನ್ ಚಕ್ರವರ್ತಿ ಚರ್ಚ್ ಕೆಡವಿ ಗ್ರಂಥ ಸುಡಿ ಅಂತ ಆಜ್ಞೆ ಹೊರಡಿಸಿದಾನೆ, ನಗರದ ಅಧಿಕಾರಿ ಗುಮಾಸ್ತನನ್ನ ಕರ್ಕೊಂಡು ಕ್ರೈಸ್ತರು ಸೇರೋ ಮನೆಗೆ ಜಪ್ತಿಗೆ ಬರ್ತಾನೆ. ಗುಮಾಸ್ತ ಬರ್ಕೊಂಡಿದ್ದು: ಚಿನ್ನದ ಪಾತ್ರೆ 2, ಬೆಳ್ಳಿ ಪಾತ್ರೆ 6, ಬೆಳ್ಳಿ ದೀಪ 7, ಸರಪಳಿ ಸಮೇತ ಕಂಚಿನ ದೀಪ 11, ಹೆಂಗಸರ ಅಂಗಿ 82, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದ್ದು 47 ಜೊತೆ. ಊಟದ ಕೋಣೇಲಿ 4 ಹಂಡೆ 6 ಜಾಡಿ. ಪುಸ್ತಕದ ಬೀರು ಖಾಲಿ! ಪುಸ್ತಕ ಎಲ್ಲಿ ಅಂದ್ರೆ ಓದೋರ ಮನೇಲಿದೆ. ಸರಿ ಅಂತ ಮನೆಮನೆಗೆ ಹೊರಟ್ರು, ಒಬ್ಬ ವ್ಯಾಕರಣದ ಮೇಷ್ಟ್ರು ಎರಡು ಗ್ರಂಥ, ಒಂದಿಷ್ಟು ಬಿಡಿ ಹಾಳೆ ಕೊಟ್ಟ, ಇನ್ನೊಬ್ಬ ಮನೇಲಿರ್ಲಿಲ್ಲ, ಹೆಂಡ್ತಿನೇ ಒಳಗಿಂದ ಆರು ತಂದ್ಕೊಟ್ಲು. ಇಷ್ಟು ವಿವರ ಉಳಿದಿದ್ದು ಹೇಗೆ ಅಂದ್ರೆ, 320ರಲ್ಲಿ ಯಾರು ಗ್ರಂಥ ಕೊಟ್ಟು ದ್ರೋಹ ಮಾಡಿದ್ದು ಅಂತ ಚರ್ಚಿನೋರೇ ಕಿತ್ತಾಡಿ ಕೇಸ್ ಆದಾಗ ಈ ಹಳೇ ಜಪ್ತಿ ಪಟ್ಟೀನ ಕೋರ್ಟಲ್ಲಿ ಓದಿಸಿದ್ರು.

ಆ ಬಟ್ಟೆ ಚಪ್ಪಲಿ ಬಡವರಿಗೆ ಹಂಚೋಕೆ ಇಟ್ಟಿದ್ದು ಅಂತ ಸುಮಾರು ವಿದ್ವಾಂಸರು ಹೇಳ್ತಾರೆ. ಗಂಡಸರದ್ದಕ್ಕೆ ಹೋಲಿಸಿದ್ರೆ ಹೆಂಗಸರ ಅಂಗಿ ಐದು ಪಟ್ಟು, ಪಾದರಕ್ಷೆ ಮೂರೂವರೆ ಪಟ್ಟು ಇದೆ ಅನ್ನೋದು ನೋಡಿ.

ಕರಾವಳಿ ಹುಡ್ಗಿ:
47 ಜೊತೆ ಚಪ್ಪಲಿ ಜಪ್ತಿ ಮಾಡ್ಕೊಂಡು ಹೋದ್ರಾ, ಏನ್ ಮಾಡ್ಕೊಂಡ್ರೋ 😂 ಸಿಂಹದ ಬಾಯಿಗೆ ಹಾಕಿದ ಕಥೆ ಕೇಳಿದ್ದೆ, ಚಪ್ಪಲಿ ಲೆಕ್ಕ ಇದೇ ಮೊದಲು. ಅಂದಹಾಗೆ ಭೂಗತ ಸಮಾಧಿಗಳಲ್ಲಿ ಬಚ್ಚಿಟ್ಕೊಂಡು ಪೂಜೆ ಮಾಡ್ತಿದ್ರು ಅಂತಾರಲ್ಲ?

ಹಳೇಕಾಗದ:
ಅದು ಸಿನಿಮಾ. ಅವು ಸ್ಮಶಾನ, ರೋಮ್ ಪೊಲೀಸರಿಗೂ ದಾರಿ ಗೊತ್ತಿತ್ತು. ಹೂಳೋಕೆ, ಸತ್ತೋರ ದಿನ ಮಾಡೋಕೆ ಹೋಗ್ತಿದ್ರು. ಸ್ಮಶಾನ ನೋಡ್ಕೊಳ್ಳೋದೇ ಒಂದು ದೊಡ್ಡ ಕೆಲಸ, ಅದರ ಮೇಲ್ವಿಚಾರಕನಾಗಿದ್ದ ಕಲ್ಲಿಸ್ತಸ್ ಅನ್ನೋನು, ಮೊದಲು ಗುಲಾಮ ಆಗಿದ್ದೋನು, ಸುಮಾರು 217ರಲ್ಲಿ ರೋಮ್‌ನ ಬಿಷಪ್ಪೇ ಆದ.

ನಿಜವಾಗ್ಲೂ ಸೇರ್ತಿದ್ದ ಜಾಗ ನೋಡ್ಬೇಕಂದ್ರೆ ಸಿರಿಯಾದ ದೂರಾ-ಯುರೋಪಸ್. ಯೂಫ್ರಟಿಸ್ ದಂಡೆಯ ಗಡಿ ಊರು, ಒಂದು ಮಾಮೂಲಿ ಮನೆ, ಸುಮಾರು 240ರ ಹೊತ್ತಿಗೆ ಎರಡು ಕೋಣೆ ಮಧ್ಯದ ಗೋಡೆ ಒಡೆದು ಹಾಲ್ ಮಾಡಿದಾರೆ, ಎಪ್ಪತ್ತು ಜನ ಹಿಡಿಸಬಹುದು. ಇನ್ನೊಂದು ಚಿಕ್ಕ ಕೋಣೇಲಿ ದೀಕ್ಷಾಸ್ನಾನದ ತೊಟ್ಟಿ, ಗೋಡೆ ಮೇಲೆ ಕುರಿ ಹೊತ್ತ ಕುರುಬ, ಹಾಸಿಗೆ ಹೊತ್ಕೊಂಡು ನಡೆಯೋ ಪಾರ್ಶ್ವವಾಯು ರೋಗಿ, ಸಮಾಧಿ ಕಡೆ ಹೊರಟ ಹೆಂಗಸರು. ಊರಿಗೆ ಪರ್ಷಿಯನ್ನರ ಮುತ್ತಿಗೆ ಬಿದ್ದಾಗ ಕೋಟೆ ಗೋಡೆ ಗಟ್ಟಿ ಮಾಡೋಕೆ ಪಕ್ಕದ ಬೀದೀಲೆಲ್ಲ ಮಣ್ಣು ತುಂಬಿದ್ರು, 256ರ ಸುಮಾರಿಗೆ ಊರು ಬಿತ್ತು, ಮಣ್ಣೊಳಗೆ ಚಿತ್ರ ಉಳೀತು. ಅದೇ ಬೀದೀಲಿ ಮುಂದಕ್ಕೆ ಚಿತ್ರ ತುಂಬಿದ ಸಿನಗಾಗ್, ಇನ್ನೂ ಮುಂದೆ ಮಿತ್ರನ ಗುಡಿ. ಈಗ ಆ ಕ್ರೈಸ್ತರ ಮನೆಯ ಚಿತ್ರಗಳು ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿವೆ, ಅಲ್ಲೇ ಬಿಟ್ಟಿದ್ರೆ ಮೊನ್ನೆ ಮೊನ್ನೆ ಸಿರಿಯಾ ಯುದ್ಧದಲ್ಲಿ ಆ ಜಾಗ ಲೂಟಿ ಆದ ರೀತಿಗೆ ಏನೂ ಉಳೀತಿರ್ಲಿಲ್ಲ.

ಲೆಕ್ಕದ ಮೇಷ್ಟ್ರು:
ಸಾಂಕ್ರಾಮಿಕದ ವಿಷಯ ಯಾರೂ ತೆಗೀಲಿಲ್ಲ. 165ರಿಂದ ಒಂದು ದೊಡ್ಡ ಜಾಡ್ಯ, 250ರ ಹೊತ್ತಿಗೆ ಇನ್ನೊಂದು. ಎರಡ್ನೇದ್ರ ಬಗ್ಗೆ ಅಲೆಕ್ಸಾಂಡ್ರಿಯಾದ ಬಿಷಪ್ ಡಯೋನಿಸಿಯಸ್ ಬರೀತಾನೆ, ಬೇರೆಯೋರು ಇನ್ನೂ ಉಸಿರಿರೋ ರೋಗಿಗಳನ್ನೇ ಬೀದಿಗೆ ಎಸೆದ್ರು, ನಮ್ಮೋರು ಕೈ ಹಿಡಿದು ನೋಡ್ಕೊಂಡ್ರು, ನೋಡ್ಕೊಂಡೋರೂ ಸತ್ರು ಅಂತ. ತಮ್ಮ ಬಗ್ಗೆ ತಾವೇ ಹೇಳ್ಕೊಳ್ಳೋದನ್ನ ಪೂರ್ತಿ ನಂಬೋದು ಬೇಡ. ಆದ್ರೆ ಜ್ವರ ಬಂದೋರಿಗೆ ನೀರು, ಗಂಜಿ ಕೊಡೋ ಒಬ್ಬರು ಪಕ್ಕದಲ್ಲಿದ್ರೆನೇ ಬದುಕೋ ಸಾಧ್ಯತೆ ಜಾಸ್ತಿ, ಔಷಧಿ ಇಲ್ದಿದ್ರೂ. ಬದುಕಿ ಉಳಿದೋನು ಆಮೇಲೆ ಯಾರ ಜೊತೆ ಇರ್ತಾನೆ ಹೇಳಿ. ನೂರು ವರ್ಷ ಆದ್ಮೇಲೆ ಹಳೇ ದೇವರುಗಳನ್ನ ವಾಪಸ್ ತರೋಕೆ ಹೊರಟ ಚಕ್ರವರ್ತಿ ಜೂಲಿಯನ್ ತನ್ನ ಪೂಜಾರಿಗೆ ಸಿಟ್ಟಲ್ಲಿ ಬರೀತಾನೆ, ಈ ಗಲಿಲಾಯದೋರು (ಅಂದ್ರೆ ಕ್ರೈಸ್ತರು) ಅವರ ಬಡವರನ್ನಲ್ದೆ ನಮ್ಮ ಬಡವರನ್ನೂ ಸಾಕ್ತಿದಾರೆ, ನಾಚಿಕೆ ಆಗ್ಬೇಕು ನಮಗೆ, ಊರೂರಲ್ಲಿ ಛತ್ರ ಕಟ್ಸಿ ಅಂತ. ವಿರೋಧಿ ಬಾಯಲ್ಲೇ ಬಂದ ಮಾತು ಇದು.

ವಾದಕ್ಕೆ ಬಂದವ:
ತುಂಬಾ ಸಿಹಿ ಆಯ್ತು ಸ್ವಲ್ಪ ಉಪ್ಪು ಹಾಕ್ತೀನಿ. ಒಂದು, ಇವರು ಗುಲಾಮಗಿರಿ ನಿಲ್ಲಿಸ್ಲಿಲ್ಲ, ಕ್ರೈಸ್ತರ ಮನೇಲೂ ಗುಲಾಮರಿದ್ರು, ಒಡೆಯನಿಗೆ ತಗ್ಗಿ ನಡೀರಿ ಅಂತ ಅವರ ಗ್ರಂಥದಲ್ಲೇ ಇದೆ. ಎರಡು, ಫೀಬೆ ಪ್ರಿಸ್ಕ ಎಲ್ಲ ಸರಿ, ಆದ್ರೆ ಬೈಬಲ್‌ನಲ್ಲಿರೋ ತಿಮೊಥೆಗೆ ಬರೆದ ಪತ್ರದ ಹೊತ್ತಿಗೆ ಹೆಂಗಸು ಬಾಯ್ಮುಚ್ಕೊಂಡು ಕಲೀಲಿ, ಕಲಿಸೋದು ಬೇಡ ಅಂತ ಬಂದಾಯ್ತು. ಮೂರು, ಹತ್ತರಲ್ಲಿ ಒಬ್ಬ ಅಂದ್ರೆ ಉಳಿದ ಒಂಬತ್ತು ಜನ? ಅವರನ್ನ ತಂದಿದ್ದು ಸರ್ಕಾರ. ಕಾನ್‌ಸ್ಟಂಟೈನ್ 312ರ ಯುದ್ಧ ಗೆದ್ದ ಮೇಲೆ ಪಾದ್ರಿಗಳಿಗೆ ನಗರಸಭೆಯ ಹೊರೆಯಿಂದ ಮಾಫಿ, ದೊಡ್ಡ ದೊಡ್ಡ ಚರ್ಚಿಗೆ ಖಜಾನೆ ದುಡ್ಡು. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಇದೇ ಸರಿಯಾದ ಧರ್ಮ ಅಂತ ಆಜ್ಞೆ ಮಾಡ್ದ. 391ರ ಆಸುಪಾಸು ಅಲೆಕ್ಸಾಂಡ್ರಿಯಾದ ಸೆರಾಪಿಸ್ ದೇವಾಲಯ ಒಡೆದು ಹಾಕಿದ್ರು. ಅಲ್ಲಿಂದ ಮುಂದಕ್ಕೆ ಚಪ್ಪಲಿ ಹಂಚಿ ಬೆಳೆದ್ರು ಅಂತ ಹೇಳ್ಬೇಡಿ.

ಹಳೇಕಾಗದ:
ಇದ್ರಲ್ಲಿ ಒಂದಕ್ಕೂ ನನ್ನ ತಕರಾರಿಲ್ಲ, ಅದ್ರಲ್ಲೂ 380 ಅಂತ ಸರಿಯಾಗಿ ಹೇಳಿದ್ರಿ, ಸುಮಾರು ಜನ ಕಾನ್‌ಸ್ಟಂಟೈನೇ ರಾಜಧರ್ಮ ಮಾಡ್ದ ಅಂತಾರೆ, ಅವನು 313ರಲ್ಲಿ ಇನ್ನೊಬ್ಬ ಚಕ್ರವರ್ತಿ ಲಿಸಿನಿಯಸ್ ಜೊತೆ ಸೇರಿ ಮಾಡಿದ್ದು ಎಲ್ಲ ಧರ್ಮಕ್ಕೂ ಅನುಮತಿ, ಜಪ್ತಿ ಆದ ಆಸ್ತಿ ವಾಪಸ್. ಆದ್ರೆ ಪ್ರಶ್ನೆ ಇದ್ದಿದ್ದು ಕಾನ್‌ಸ್ಟಂಟೈನ್‌ಗಿಂತ ಮುಂಚೆ ಅಂತ. ಊರೂರಲ್ಲಿ ಬಿಷಪ್, ಲೆಕ್ಕದ ಪುಸ್ತಕ, ಪತ್ರ ಒಯ್ಯೋ ಜನ ಇದ್ದ ಒಂದು ಜಾಲ ಸಿದ್ಧ ಇತ್ತು, ಅದಕ್ಕೇ ಅವನಿಗೂ ಅದು ಉಪಯೋಗಕ್ಕೆ ಬಂತು. ಖಾಲಿ ಜಾಗದಲ್ಲಿ ಚಕ್ರವರ್ತಿ ನಿಂತಿದ್ರೆ ಏನೂ ಆಗ್ತಿರ್ಲಿಲ್ಲ, ಜೂಲಿಯನ್‌ಗೂ ಅಧಿಕಾರ ಇತ್ತಲ್ಲ, ಅವನಿಗೆ ಆಯ್ತಾ?

ಹಿಂಸೆ ಬಗ್ಗೆನೂ ಒಂದು. ಯಾವಾಗ್ಲೂ ಎಲ್ಲ ಕಡೆ ಕೊಲ್ತಿದ್ರು ಅನ್ನೋದೂ ಸುಳ್ಳು. ಚಕ್ರವರ್ತಿ ನೀರೋ 64ರಲ್ಲಿ ರೋಮ್‌ನಲ್ಲಿ ಕೊಂದ, 177ರಲ್ಲಿ ಈಗಿನ ಫ್ರಾನ್ಸ್‌ನ ಲಿಯೋನ್‌ನಲ್ಲಿ ಜನರ ಗಲಾಟೆ, 203ರಲ್ಲಿ ಕಾರ್ಥೇಜ್‌ನಲ್ಲಿ ಪೆರ್ಪೆಟುವಾ ಅನ್ನೋ ಹೆಂಗಸನ್ನ ಕೊಂದ್ರು. ಇಡೀ ಸಾಮ್ರಾಜ್ಯಕ್ಕೆ ಮೊದಲ ಸಲ ಆದದ್ದು 250ರ ಚಕ್ರವರ್ತಿ ಡೇಸಿಯಸ್ ಆಜ್ಞೆ, ಎಲ್ಲರೂ ದೇವರಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತಗೋಬೇಕು ಅಂತ. ಆ ಸರ್ಟಿಫಿಕೇಟ್‌ಗಳು ಈಜಿಪ್ಟ್‌ನ ಮರಳಲ್ಲಿ ನಲ್ವತ್ತಕ್ಕೂ ಜಾಸ್ತಿ ಸಿಕ್ಕಿವೆ. ಒಂದ್ರಲ್ಲಿ ಔರೇಲಿಯಸ್ ಡಯೋಜಿನಿಸ್, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು, ನಾನು ಯಾವಾಗ್ಲೂ ದೇವರಿಗೆ ಬಲಿ ಕೊಡ್ತಾ ಬಂದೋನು, ಈಗ ನಿಮ್ಮ ಮುಂದೇನೂ ಕೊಟ್ಟು ಪ್ರಸಾದ ತಿಂದಿದೀನಿ, ದಯವಿಟ್ಟು ಸಹಿ ಹಾಕಿ ಅಂತ. 250ರ ಜೂನ್ 26ನೇ ತಾರೀಕು. ಅವನು ಕ್ರೈಸ್ತನೋ ಅಲ್ವೋ ಗೊತ್ತಾಗಲ್ಲ ಯಾಕಂದ್ರೆ ಎಲ್ಲರೂ ತಗೋಬೇಕಿತ್ತು, ಮೊಸಳೆ ದೇವರ ಪೂಜಾರಿಣಿ ಒಬ್ಬಳೂ ತಗೊಂಡಿದಾಳೆ. ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ರು, ಕೆಲವರು ಲಂಚ ಕೊಟ್ಟು ಸರ್ಟಿಫಿಕೇಟ್ ಮಾಡ್ಸಿದ್ರು. ಆಮೇಲೆ ಇವರನ್ನ ವಾಪಸ್ ಸೇರಿಸ್ಕೋಬೇಕಾ ಬೇಡ್ವಾ ಅಂತ ವರ್ಷಗಟ್ಲೆ ಜಗಳ. ಕೊನೆಗೆ ಪ್ರಾಯಶ್ಚಿತ್ತ ಮಾಡ್ಸಿ ಸೇರಿಸ್ಕೊಂಡ್ರು. ಇಲ್ಲ ಅಂದಿದ್ರೆ ಬರೀ ವೀರರ ಸಣ್ಣ ಗುಂಪಾಗಿ ಉಳೀತಿತ್ತು ಅಂತ ನನ್ನ ಲೆಕ್ಕ.

ಕರಾವಳಿ ಹುಡ್ಗಿ:
ನಮ್ಮ ಕಡೆಗೆ ಯಾವಾಗ ಬಂತು? ಕೇರಳದೋರು ಏಸುವಿನ ಶಿಷ್ಯ ಸಂತ ತೋಮಸ್ 52ರಲ್ಲೇ ಬಂದ್ರು ಅಂತಾರೆ.

ಹಳೇಕಾಗದ:
ಅದು ಅವರ ಪರಂಪರೆ, ಬರೀ ನಂಬಿಕೆ ಅಂತ ತಳ್ಳೋಕಾಗಲ್ಲ, ಯಾಕಂದ್ರೆ ಆಗ ಕೆಂಪು ಸಮುದ್ರದಿಂದ ಕೇರಳದ ಮುಜಿರಿಸ್ ಬಂದರಿಗೆ ಮೆಣಸಿನ ಹಡಗು ಓಡಾಡ್ತಿದ್ವು, ಬರೋಕೆ ದಾರಿ ಇತ್ತು. ಆದ್ರೆ ಆ ಕಾಲದ ದಾಖಲೆ ಇಲ್ಲ. ಖಚಿತವಾಗಿ ಸಿಗೋದು 6ನೇ ಶತಮಾನದಲ್ಲಿ, ಕಾಸ್ಮಸ್ ಅನ್ನೋ ಈಜಿಪ್ಟ್ ವ್ಯಾಪಾರಿ ಮೆಣಸು ಬೆಳೆಯೋ ಮಲೆಯಲ್ಲಿ ಕ್ರೈಸ್ತರಿದಾರೆ, ಕಲ್ಲಿಯಾನ ಅನ್ನೋ ಕಡೆ ಪರ್ಷಿಯಾದಿಂದ ಬಂದ ಬಿಷಪ್ ಇದಾನೆ ಅಂತ ಬರೀತಾನೆ. ಈ ಕಲ್ಲಿಯಾನ ಮುಂಬೈ ಹತ್ರದ ಕಲ್ಯಾಣ ಅಂತ ಹೆಚ್ಚಿನೋರು, ಉಡುಪಿ ಹತ್ರದ ಕಲ್ಯಾಣಪುರ ಅಂತ ಕೆಲವರು. ನಿಮಗೆ ಯಾವ್ದು ಬೇಕೋ ಗೊತ್ತು ಬಿಡಿ 🙂

ಈಜಿಪ್ಟ್ ಅಂದಿದ್ದಕ್ಕೆ, ಕನ್ನಡ ಪದಗಳಿವೆ ಅಂತ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ವಾದ ಮಾಡಿದ್ರಲ್ಲ ಆ ಗ್ರೀಕ್ ಪ್ರಹಸನ, ಅದು ಸಿಕ್ಕಿದ್ದು ಆಕ್ಸಿರಿಂಕಸ್ ಊರಿನ ತಿಪ್ಪೇಲಿ. ಅದೇ ತಿಪ್ಪೇಲೇ 1897ರಲ್ಲಿ ಏಸುವಿನ ಮಾತುಗಳ ಹಾಳೆ ಸಿಕ್ಕಿತು, ಗಂಡಾದ್ರೆ ಸಾಕು ಹೆಣ್ಣಾದ್ರೆ ಬಿಸಾಕು ಅಂತ ಬಸುರಿ ಹೆಂಡ್ತಿಗೆ ಗಂಡ ಬರೆದ ಕಾಗದಾನೂ ಅಲ್ಲೇ ಸಿಕ್ಕಿದ್ದು. ಕ್ರೈಸ್ತರು ಯೆಹೂದ್ಯರು ಇಬ್ರೂ ಮಗು ಬಿಸಾಕೋದನ್ನ ಒಪ್ತಿರ್ಲಿಲ್ಲ, ಜನ ಬೆಳೆದಿದ್ದಕ್ಕೆ ಅದೂ ಒಂದು ಕಾರಣ ಅಂತ ಮೇಷ್ಟ್ರ ಲೆಕ್ಕಕ್ಕೆ ಸೇರಿಸ್ಬಹುದು.

ಬಯಲುಸೀಮೆ:
ಕೇಳಿದ್ದಕ್ಕಿಂತ ಜಾಸ್ತಿ ಸಿಕ್ತು. ಒಂದೇ ಬಾಕಿ, ಮಿತ್ರನ ಗುಂಪು ಯಾಕೆ ಬೆಳೀಲಿಲ್ಲ? ಅದೂ ಸೈನಿಕರಲ್ಲಿ ಬ್ರಿಟನ್ ತನಕ ಹೋಗಿತ್ತಲ್ಲ.

ಲೆಕ್ಕದ ಮೇಷ್ಟ್ರು:
ಹೆಂಗಸರಿಗೆ ಪ್ರವೇಶ ಇರ್ಲಿಲ್ಲ, ಮಿತ್ರನ ಗುಹೆ ಅಂದ್ರೆ ಇಪ್ಪತ್ತು ಮೂವತ್ತು ಗಂಡಸರು ಕೂತು ಉಣ್ಣೋ ಜಾಗ. ಮನೆಯೊಳಗೆ ಹೋಗ್ಲಿಲ್ಲ, ಮಕ್ಕಳಿಗೆ ದಾಟಲಿಲ್ಲ. ಮಿತ್ರನ ಭಕ್ತನಾಗಿದ್ದೂ ಇನ್ನೈದು ದೇವರಿಗೆ ಕೈಮುಗಿಬಹುದಿತ್ತು, ಹಂಗಾಗಿ ಬಿಟ್ಟು ಹೋಗೋಕೂ ಸುಲಭ.

ವಾದಕ್ಕೆ ಬಂದವ:
ಐಸಿಸ್ ಭಕ್ತರಲ್ಲಿ ಹೆಂಗಸರು ಬೇಕಾದಷ್ಟು ಇದ್ರು ಮೇಷ್ಟ್ರೇ. ಅದಕ್ಕೇನಂತೀರಿ?

ಲೆಕ್ಕದ ಮೇಷ್ಟ್ರು:
ಇದ್ರು. ಆದ್ರೆ ಐಸಿಸ್ ಗುಡಿಗೆ ಹೋಗಿ ಬಂದೋಳು ಸಂಜೆ ಜೂನೋ ಗುಡಿಗೂ ಹೋಗ್ತಿದ್ಲು, ಒಂದೂರಿನ ಐಸಿಸ್ ಗುಡಿಗೂ ಇನ್ನೊಂದೂರಿನ ಗುಡಿಗೂ ಪತ್ರವ್ಯವಹಾರ, ದುಡ್ಡಿನ ವ್ಯವಹಾರ ಇದ್ದಿದ್ದು ಕಾಣಲ್ಲ. ಕೊರಿಂಥ್‌ನೋರು ದುಡ್ಡು ಎತ್ತಿ ಜೆರುಸಲೇಮ್ ಬಡವರಿಗೆ ಕಳಿಸಿದ ಹಾಗೆ ಐಸಿಸ್ ಭಕ್ತರು ಕಳಿಸಿದ್ದು ಎಲ್ಲಾದ್ರೂ ಇದ್ರೆ ಹಾಕಿ, ಓದ್ತೀನಿ.